ಈ ಹೆಸರು ಯಾರ ಕಿವಿಗೆ?

ಮುಂಬಯಿಯ ಮಾಟುಂಗದಲ್ಲಿ ಕನ್ನಡಿಗರ ಒಂದು ಭಾನುವಾರದ ಕೂಟದಲ್ಲಿ, ಮುನಿಸಿಪಾಲಿಟಿಯ ಕನ್ನಡ ಶಾಲೆಯಿಂದ ನಿವೃತ್ತರಾದ ಶಿಕ್ಷಕಿಯೊಬ್ಬರು ಆಡಿದ ಮಾತಿನ ಬರಹ ರೂಪ.

ಬಾಗಿಲಲ್ಲಿ ನಿಮಗೆಲ್ಲ ಒಂದೊಂದು ಚೀಟಿ ಕೊಟ್ಟಿದ್ದಾರೆ. ನಿಮ್ಮ ಮನೆತನದಲ್ಲಿ ನಿಮಗೆ ಗೊತ್ತಿರುವ ತೀರಾ ಹಳೆಯ ಹೆಸರು, ಇಲ್ಲವೇ ಕೇಳಿದವರು ‘ಆಂ?’ ಅಂತ ಇನ್ನೊಂದು ಸಲ ಕೇಳುವಂಥ ಹೆಸರು, ಯಾವುದಾದರೂ ಒಂದನ್ನು ಅದರಲ್ಲಿ ಬರೆಯಿರಿ. ನಿಮ್ಮ ಹೆಸರು ಬೇಡ. ಈ ಸ್ಟೀಲ್ ಡಬ್ಬಿ ಸಾಲಿನಿಂದ ಸಾಲಿಗೆ ಬರುತ್ತದೆ, ಅದರೊಳಗೆ ಹಾಕಿ. ಡಬ್ಬಿ ಒಂದು ಸುತ್ತು ಬರುವವರೆಗೆ ನಾನು ಮಾತಾಡುತ್ತೇನೆ. ಆಮೇಲೆ ನಿಮ್ಮ ಚೀಟಿ ಓದೋಣ.

ಹೆಸರಿನ ಬಗ್ಗೆ ಮಾತಾಡೋಕೆ ಇವಳು ಯಾರು ಅಂತ ನೀವು ಕೇಳಬಹುದು. ಸಂಶೋಧನೆ ಗಿಂಶೋಧನೆ ಏನೂ ಮಾಡಿಲ್ಲ. 31 ವರ್ಷ ದಿನಾ ಬೆಳಿಗ್ಗೆ ಹಾಜರಿ ಕೂಗಿದ್ದೇನೆ, ಅಷ್ಟೇ. ಒಂದು ಹೆಸರನ್ನು ವರ್ಷಕ್ಕೆ ಇನ್ನೂರು ಸಲ ಗಟ್ಟಿಯಾಗಿ ಕೂಗಿದರೆ ಅದು ನಾಲಿಗೆಗೆ ಅಂಟಿಕೊಳ್ಳುತ್ತದೆ. ಮಕ್ಕಳ ಮುಖ ಮರೆತುಹೋಗಿದೆ. ಹೆಸರು ಮರೆತಿಲ್ಲ.

ನನ್ನ ತರಗತಿಗೆ ಎರಡು ಕಡೆಯ ಮಕ್ಕಳು ಬರುತ್ತಿದ್ದರು. ಒಂದಷ್ಟು ಜನ ಮಂಗಳೂರು, ಉಡುಪಿ ಕಡೆಯವರು. ಅಪ್ಪನೋ ಮಾವನೋ ಹೋಟೆಲಿನಲ್ಲಿ. ಇನ್ನೊಂದಷ್ಟು ಜನ ಬಿಜಾಪುರ, ಗುಲಬರ್ಗಾ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ನಾನು ಗದಗಿನ ಕಡೆಯವಳು, ತುಳು ಒಂದಕ್ಷರ ಬರುತ್ತಿರಲಿಲ್ಲ. ಮೊದಲ ವರ್ಷ ಹಾಜರಿ ಪುಸ್ತಕ ತೆರೆದಾಗ ಐತ, ತುಕ್ರ, ತನಿಯ ಅಂತ ಮೂರು ಹೆಸರು ಕಂಡವು. ಯಾರೋ ಕಾಗುಣಿತ ತಪ್ಪಿದ್ದಾರೆ ಅಂದುಕೊಂಡೆ. ತುಕ್ರನನ್ನು ಕೆಂಪು ಶಾಯಿಯಲ್ಲಿ ‘ಶುಕ್ರ’ ಅಂತ ತಿದ್ದಿಯೂಬಿಟ್ಟೆ. ಮರುದಿನ ಅವನ ಅಮ್ಮ ಬಂದರು. ‘ಟೀಚರ್, ನೀವು ತಿದ್ದಿದ್ದು ಸರಿಯೇ ಉಂಟು. ಆದರೆ ನಮ್ಮವ ತುಕ್ರನೇ’ ಅಂದರು.

ಎರಡೂ ನಿಜ. ತುಳುವಿನಲ್ಲಿ ಭಾನುವಾರಕ್ಕೆ ಐತಾರ ಅಂತಾರೆ. ಅವತ್ತು ಹುಟ್ಟಿದ ಗಂಡು ಐತ, ಹೆಣ್ಣು ಐತೆ. ಸೋಮವಾರದವನು ಸೋಮ, ಕೆಲವರ ಬಾಯಲ್ಲಿ ಚೋಮ. ಮಂಗಳವಾರ ಅಂಗಾರ. ಬುಧವಾರ ಬೂದ, ಗುರುವಾರ ಗುರುವ, ಶುಕ್ರವಾರ ತುಕ್ರ, ಶನಿವಾರ ತನಿಯ. ಮುಗೀತು, ಒಂದು ವಾರ! ಪಂಚಾಂಗ ಬೇಡ, ಪುರೋಹಿತರು ಬೇಡ, ನಕ್ಷತ್ರದ ಅಕ್ಷರ ಹುಡುಕುವುದು ಬೇಡ. ಕ್ಯಾಲೆಂಡರೂ ಬೇಡ. ನೀವು ಕಾರಿನ ಗಾಜಿನ ಮೇಲೆ ಅಂಟಿಸಿಕೊಳ್ಳುವ ಕೊರಗಜ್ಜ ಅನ್ನುವ ದೈವ ಇದ್ದಾನಲ್ಲ, ತುಳುವಿನ ಜನಪದ ಹಾಡು ಪಾಡ್ದನದಲ್ಲಿ ಅವನ ಹೆಸರು ತನಿಯ. ಶನಿವಾರದ ಹುಡುಗ. ಉತ್ತರ ಕನ್ನಡದ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಆ ಸುಕ್ರಿಯೂ ಶುಕ್ರವಾರವೇ.

ಆದರೆ ಒಂದು ಮಾತು. ಗುತ್ತಿನ ಮನೆಗಳಲ್ಲಿ, ಅಂದರೆ ಜಮೀನಿದ್ದ ದೊಡ್ಡ ಮನೆತನಗಳಲ್ಲಿ, ಐತ, ತುಕ್ರ ಸಿಗುವುದು ಅಪರೂಪ. ದುಡಿಯುವವರ ಕೇರಿಯಲ್ಲಿ ಜಾಸ್ತಿ. ಅದಕ್ಕೇ ಆ ಹೆಸರು ಕೂಗಿದ ಕೂಡಲೇ ಊರಿನವರಿಗೆ ಎಲ್ಲ ಗೊತ್ತಾಗುತ್ತಿತ್ತು. ಯಾವ ಕೇರಿ, ಯಾವ ಬಾಗಿಲಲ್ಲಿ ನಿಲ್ಲುವವನು, ಎಲ್ಲ. ನನ್ನ ತುಕ್ರ ಹತ್ತನೇ ತರಗತಿ ಮುಗಿಸಿ, ಹಗಲು ಕ್ಯಾಂಟೀನು, ರಾತ್ರಿ ಕಾಲೇಜು ಅಂತ ಓದಿ, ಕೆಲಸ ಸಿಗುವ ಮೊದಲು ಗೆಜೆಟ್ಟಿನಲ್ಲಿ ಹೆಸರು ಬದಲಾಯಿಸಿಕೊಂಡ. ಮುಂಬಯಿಗೆ ಬಂದದ್ದೇ ಹೊಸ ಹೆಸರು ಸಿಗಲಿ ಅಂತ ಎಷ್ಟೋ ಜನಕ್ಕೆ. ಅವನನ್ನು ನಾನು ತಪ್ಪು ಅನ್ನಲಾರೆ. ಹಳೆ ಹೆಸರು ಚೆಂದ ಅಂತ ವೇದಿಕೆ ಮೇಲೆ ಹೇಳುವುದು ಸುಲಭ. ಅದನ್ನು ಹೊತ್ತುಕೊಂಡು ಇಂಟರ್‌ವ್ಯೂಗೆ ಹೋಗುವವನು ಬೇರೆ.

ಈಗ ತೊಟ್ಟಿಲ ಹತ್ತಿರ ಬನ್ನಿ. ನಮ್ಮ ಕಡೆ ಹೆಸರಿಡುವುದು ಸೋದರತ್ತೆ. ಮಗುವನ್ನು ತೊಟ್ಟಿಲಿಗೆ ಹಾಕಿ, ಕಿವಿಯ ಹತ್ತಿರ ಬಾಗಿ ‘ಕುರ್ರ್’ ಅಂತ ಊದಿ ಹೆಸರು ಹೇಳುತ್ತಾಳೆ. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಧಬಧಬ ಗುದ್ದುತ್ತಾರೆ. ಮರಾಠಿಯವರ ಬಾರಸೆಯಲ್ಲೂ ಹೀಗೇ. ಅಲ್ಲಿಯೂ ಆತ್ಯಾ, ಅಲ್ಲಿಯೂ ಕುರ್ರ್, ಅಲ್ಲಿಯೂ ಗುದ್ದು. ಈ ಗುದ್ದು ನಾನು ತಿಂದಿದ್ದೇನೆ, ಸುಮ್ನೆ ಶಾಸ್ತ್ರಕ್ಕೆ ಗುದ್ದುವುದಿಲ್ಲ ನಮ್ಮ ಹೆಂಗಸರು. ನಾನು ಕೇಳುವುದು ಇಷ್ಟೇ. ಹೆಸರು ಹೇಳುವುದು ಮಗುವಿನ ಕಿವಿಯಲ್ಲಿ, ಸರಿ. ಆದರೆ ಆ ಹೆಸರು ನಿಜವಾಗಿ ಯಾರ ಕಿವಿಗೆ ಬೀಳಲಿ ಅಂತ ಇಡುತ್ತಿದ್ದರು?

ಹಾಜರಿ ಪುಸ್ತಕದಲ್ಲಿ ನನಗೆ ಸಿಕ್ಕ ಹೆಸರುಗಳಲ್ಲಿ ಒಂದು ಗುಂಪು ಇತ್ತು. ತಿಪ್ಪಣ್ಣ, ಕಲ್ಲಪ್ಪ, ಗುಂಡಪ್ಪ, ಅಡಿವೆಪ್ಪ, ಹುಚ್ಚಪ್ಪ, ತಿರುಕಪ್ಪ. ಬಾಡಿಗೆ ಮನೆಯ ಪಕ್ಕದ ಮರಾಠಿಯವರಲ್ಲಿ ಧೋಂಡು, ದಗಡು, ಭಿಕೂ, ಕೇರೂ. ಒಂದಕ್ಕೊಂದು ಇಟ್ಟು ನೋಡಿ. ಧೋಂಡ ಅಂದರೆ ಕಲ್ಲು, ದಗಡ ಅಂದರೂ ಕಲ್ಲು, ನಮ್ಮ ಕಲ್ಲಪ್ಪ, ಗುಂಡಪ್ಪ. ಭೀಕ ಅಂದರೆ ಭಿಕ್ಷೆ, ನಮ್ಮ ತಿರುಕಪ್ಪ. ಕೇರ ಅಂದರೆ ಕಸ, ನಮ್ಮ ತಿಪ್ಪಣ್ಣ. ಭಾಷೆ ಎರಡು, ಭಯ ಒಂದೇ. ನೂರು ವರ್ಷದ ಹಿಂದೆ ನಮ್ಮ ದೇಶದಲ್ಲಿ ಹುಟ್ಟಿದ ಐದು ಮಕ್ಕಳಲ್ಲಿ ಒಂದಾದರೂ ವರ್ಷ ತುಂಬುವ ಮೊದಲೇ ಹೋಗುತ್ತಿತ್ತು. ಎರಡು ಮೂರು ಮಕ್ಕಳನ್ನು ಮಣ್ಣು ಮಾಡಿ ಬಂದ ತಾಯಿ ನಾಲ್ಕನೆಯದನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, ಬಿಟ್ಟುಬಿಟ್ಟೆ ಅಂತ ತೋರಿಸಿ, ಆಮೇಲೆ ಎತ್ತಿಕೊಂಡು ಬರುತ್ತಿದ್ದಳು. ಇದು ಮಗು ಅಲ್ಲಪ್ಪಾ, ಕಸ. ಇದು ಕಲ್ಲು. ನೀನು ಮುಂದಕ್ಕೆ ಹೋಗು. ಈ ಮಾತು ಯಮನ ಕಿವಿಗೆ, ಮಗುವಿನ ಕಿವಿಗಲ್ಲ. ತಾಯಿಗೆ ಚಿನ್ನ, ರನ್ನ ಅಂತ ಕರೆಯಬೇಕು ಅಂತ ಇರಲಿಲ್ಲವೇ? ಇತ್ತು. ಕರೆದರೆ ಯಾರೋ ಕೇಳಿಸಿಕೊಳ್ಳುತ್ತಾರೆ ಅಂತ ಹೆದರಿ ಬಾಯಿ ಕಟ್ಟಿಕೊಂಡಳು.

ಚರ್ಚ್‌ಗೇಟಿನಿಂದ ಮರೀನ್ ಲೈನ್ಸ್ ಕಡೆಗೆ ಹೋಗುವ ರಸ್ತೆ ಮಹರ್ಷಿ ಕರ್ವೆ ರೋಡ್ ಅಲ್ಲವೇ? ವಿಧವೆಯರಿಗಾಗಿ, ಹೆಣ್ಣುಮಕ್ಕಳ ಓದಿಗಾಗಿ ಬದುಕು ಸವೆಸಿದ ಕರ್ವೆ. ಎಸ್‌ಎನ್‌ಡಿಟಿ ವಿಶ್ವವಿದ್ಯಾಲಯ ಅವರು 1916ರಲ್ಲಿ ಶುರುಮಾಡಿದ್ದು. ಅವರ ಹೆಸರು ಧೋಂಡೋ. ಧೋಂಡೋ ಕೇಶವ ಕರ್ವೆ. 1858ರಲ್ಲಿ ಹುಟ್ಟಿ, ನೂರು ತುಂಬಿದ ವರ್ಷ ಭಾರತರತ್ನ ತೆಗೆದುಕೊಂಡು, 1962ರಲ್ಲಿ 104ನೇ ವಯಸ್ಸಿಗೆ ಹೋದರು. ಕಲ್ಲು ಅಂತ ಹೆಸರಿಟ್ಟದ್ದು ಫಲಿಸಿತು ಅನ್ನಬೇಕು! ನಡುವೆ ಒಂದು ತಿದ್ದುಪಡಿ. ಸಿನಿಮಾದ ದಾದಾಸಾಹೇಬ್ ಫಾಲ್ಕೆಯವರ ಹೆಸರು ಧುಂಡಿರಾಜ. ಅದನ್ನೂ ಕೆಲವರು ಈ ಕಲ್ಲಿನ ಪಟ್ಟಿಗೆ ಸೇರಿಸುತ್ತಾರೆ. ಅಲ್ಲ, ಅದು ಕಾಶಿಯ ಢುಂಢಿರಾಜ ಗಣಪತಿಯ ಹೆಸರು. ಕಿವಿಗೆ ಒಂದೇ ಥರ ಕೇಳಿಸಿದ್ದೆಲ್ಲ ಒಂದೇ ಅಲ್ಲ.

ಕಿವಿಯ ಮಾತು ಬಂತಲ್ಲ, ಗುಂಡಪ್ಪನ ಪಾಡು ಹೇಳುತ್ತೇನೆ. ಊರಲ್ಲಿ ಅದು ಎಷ್ಟು ಗೌರವದ ಹೆಸರು! ಡಿ.ವಿ.ಜಿ. ಅವರ ಹೆಸರಲ್ಲಿ ‘ಜಿ’ ಅಂದರೆ ಗುಂಡಪ್ಪ. ಇಲ್ಲಿ ಮುಂಬಯಿಯಲ್ಲಿ? ಗುಂಡಾ! ನನ್ನ ತರಗತಿಯ ಗುಂಡಪ್ಪ, ಪಾಪ, ಇಲಿ ಕಂಡರೆ ಬೆಂಚು ಹತ್ತುವ ಹುಡುಗ. ಮೈದಾನದಲ್ಲಿ ಬೇರೆ ಶಾಲೆಯ ಹುಡುಗರು ‘ಏ ಗುಂಡಾ’ ಅಂತ ಕೂಗಿ ಅಳಿಸಿಬಿಟ್ಟಿದ್ದರು. ಒಂದು ದಿನ ನಾನು ಮೈದಾನಕ್ಕೇ ಹೋಗಿ ಕೇಳಿದೆ, ಗಾವಸ್ಕರ್ ತಂಗಿಯನ್ನು ಮದುವೆಯಾದದ್ದು ಯಾರು ಗೊತ್ತಾ? ವಿಶ್ವನಾಥ್ ಅಂದರು. ಪೂರ್ತಿ ಹೆಸರು ಹೇಳಿ ಅಂದೆ. ಯಾರಿಗೂ ಗೊತ್ತಿರಲಿಲ್ಲ. ಗುಂಡಪ್ಪ ರಂಗನಾಥ ವಿಶ್ವನಾಥ್ ಅಂದೆ. ಅವತ್ತಿನಿಂದ ನಮ್ಮ ಹುಡುಗನಿಗೆ ಮೊದಲ ಬ್ಯಾಟಿಂಗ್. ಆಡಲು ಬರುತ್ತಿರಲಿಲ್ಲ, ಅದು ಬೇರೆ ಮಾತು.

ಈ ಬಗೆಯ ಹೆಸರುಗಳಲ್ಲಿ ಒಂದನ್ನು ಮಾತ್ರ ನಗುತ್ತಾ ಹೇಳಲಾರೆ. ಕರಾವಳಿಯಲ್ಲಿ ಕೊರಗ ಅಂತ ಹೆಸರಿರುವ ಹಿರಿಯರು ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದ್ದರು. ಮಕ್ಕಳು ಉಳಿಯದಿದ್ದರೆ ಮಗುವನ್ನು ಕೊರಗ ಸಮುದಾಯದ ಹೆಂಗಸಿನ ಕೈಗೆ ಕೊಟ್ಟು, ಅವಳ ಹಾಲು ಕುಡಿಸಿ, ಕೊರಗ ಅಂತ ಹೆಸರಿಡುವ ರೂಢಿ ಇತ್ತು. ಕೊರಗರ ಮಗುವನ್ನು ಸಾವೂ ಮುಟ್ಟುವುದಿಲ್ಲ ಅನ್ನುವ ನಂಬಿಕೆ. ಯೋಚನೆ ಮಾಡಿ. ಮುಟ್ಟಬಾರದವರು ಅಂತ ಅಂಗಳದಾಚೆ ನಿಲ್ಲಿಸಿದವರ ಹೆಸರನ್ನೇ ತಮ್ಮ ಮಗುವಿಗೆ ಗುರಾಣಿ ಮಾಡಿಕೊಂಡರು. ಕಾಯಿಲೆ ಮಗುವಿನ ಕೂದಲು, ಉಗುರು ಸೇರಿಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಅಜಲು ಪದ್ಧತಿಯೂ ಇದೇ ನಂಬಿಕೆಯ ಬಳ್ಳಿಯಲ್ಲಿ ಬಿಟ್ಟ ಕಾಯಿ. ಅದನ್ನು ಕಾಯ್ದೆ ಮಾಡಿ ನಿಲ್ಲಿಸಲು 2000ನೇ ಇಸವಿಯವರೆಗೆ ಕಾಯಬೇಕಾಯಿತು. ನಮ್ಮ ಮಗುವಿನ ಆಯಸ್ಸಿಗೆ ಬೆಲೆ ಕೊಟ್ಟವರು ಬೇರೆ ಯಾರೋ. ಅಜ್ಜನ ಹೆಸರು ಕೊರಗ ಅಂತ ಇದ್ದರೆ, ಅದರ ಕಥೆ ಹೇಳುವಾಗ ಇದನ್ನೂ ಸೇರಿಸಿ ಹೇಳಿ.

ಇನ್ನು ನನ್ನ ಹೆಸರಿಗೆ ಬರುತ್ತೇನೆ. ಆಹ್ವಾನ ಪತ್ರಿಕೆಯಲ್ಲಿ ಇರುವುದು ಮದುವೆಯ ಹೆಸರು. ಹುಟ್ಟಿದ ಹೆಸರು ಸಾಕವ್ವ. ನಾಲ್ಕನೆಯ ಹೆಣ್ಣು ನಾನು. ಅರ್ಥ ಬಿಡಿಸಿ ಹೇಳಬೇಕೇ? ಹೆಣ್ಣು ಸಾಕು. ಇದು ಯಾರ ಕಿವಿಗೆ ಹೇಳಿದ್ದು ಅಂದರೆ, ಮಕ್ಕಳನ್ನು ಕೊಡುವ ದೇವರ ಕಿವಿಗೆ. ಅಂಗಡಿಯವನಿಗೆ ಬೆಲ್ಲ ಸಾಕು, ಇನ್ನು ಅಕ್ಕಿ ಕೊಡು ಅಂದ ಹಾಗೆ. ಮಹಾರಾಷ್ಟ್ರದಲ್ಲಿ ಇದಕ್ಕೆ ನಕುಶಾ, ನಕೋಶಿ ಅಂತಾರೆ. ಬೇಡವಾದವಳು. 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯಲ್ಲಿ ಇಂಥ ಹೆಸರಿನ 285 ಹುಡುಗಿಯರನ್ನು ಸೇರಿಸಿ ಸರ್ಕಾರದವರೇ ಹೊಸ ಹೆಸರು ಕೊಟ್ಟರು. ಪೇಪರಿನಲ್ಲಿ ಅದನ್ನು ಓದಿದ ದಿನ ನಾನು ಚಹಾ ಮಾಡುವುದು ಮರೆತು ಕೂತಿದ್ದೆ. 285 ಜನ, ಒಂದೇ ಜಿಲ್ಲೆಯಲ್ಲಿ. ಒಬ್ಬಳು ಹುಡುಗಿ ತನ್ನ ಹೆಸರು ಕೂಗಿದಾಗಲೆಲ್ಲ ‘ಬೇಡ’ ಅಂತ ಕೇಳಿಸಿಕೊಂಡು ‘ಹಾಜರ್’ ಅನ್ನಬೇಕಿತ್ತಲ್ಲ.

ನನ್ನ ಅಜ್ಜಿ ಜಾಣೆ. ನಾನು ಏಳು ವರ್ಷದವಳಿದ್ದಾಗ ಹೆಸರಿಗಾಗಿ ಅತ್ತಿದ್ದೆ. ಅವಳು ಹತ್ತಿ ಬಿಡಿಸುತ್ತಾ, ತಲೆ ಎತ್ತದೆ, ‘ಹುಚ್ಚಿ, ಸಾಕು ಅಂದ್ರ ಬ್ಯಾಡ ಅಂತ ಯಾರು ಹೇಳಿದ್ರು? ಸಾಕು ಅಂದ್ರ ಸಾಕೋದು. ನೀ ಎಲ್ಲಾರನ್ನೂ ಸಾಕಾಕಿ’ ಅಂದಳು. ಕನ್ನಡದಲ್ಲಿ ಒಂದೇ ಮಾತಿಗೆ ಎರಡು ಬಾಗಿಲು ಇರುವುದು ಎಷ್ಟು ಅನುಕೂಲ ನೋಡಿ! ಬೆಂಗಳೂರಿನ ಕಾಫಿಪುಡಿ ಸಾಕಮ್ಮನವರ ಹೆಸರು ಹಿರಿಯರು ಕೇಳಿರಬಹುದು. ಹೆಂಗಸರು ಅಂಗಡಿ ಹತ್ತದ ಕಾಲದಲ್ಲಿ ಕಾಫಿಪುಡಿ ವ್ಯಾಪಾರ ಕಟ್ಟಿದವರು. ಅವರ ವಿಷಯ ಗೊತ್ತಾದ ಮೇಲೆ ಅಜ್ಜಿಯ ಅರ್ಥವೇ ಸರಿ ಅಂತ ನಾನೂ ಒಪ್ಪಿಕೊಂಡೆ.

ಆದರೆ ಆ ಹೆಸರು ಮದುವೆಯ ಮಂಟಪ ದಾಟಲಿಲ್ಲ. ನಮ್ಮ ಮಾವನವರು ಸೊಲ್ಲಾಪುರದ ಕಡೆಯವರು, ಮರಾಠಿ ಪದ್ಧತಿ. ತಾಟಿನಲ್ಲಿ ಅಕ್ಕಿ ಹರಡಿ, ಅದರ ಮೇಲೆ ಗಂಡ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ನಮ್ಮವರು ಬರೆದರು. ಆ ಅಕ್ಕಿಯನ್ನು ಆಮೇಲೆ ಅನ್ನ ಮಾಡಿದರೋ ಏನೋ, ನನ್ನ ಕಣ್ಣು ಅದರ ಮೇಲೇ ಇತ್ತು. ಇಪ್ಪತ್ತು ವರ್ಷ ಬಳಸಿದ ಹೆಸರು ಒಂದು ತಾಟು ಅಕ್ಕಿಯಲ್ಲಿ ಹೋಯಿತು. ಇಲ್ಲಿ ಕೂತಿರುವ ಹಿರಿಯ ಹೆಂಗಸರಲ್ಲಿ ಎಷ್ಟು ಜನಕ್ಕೆ ಎರಡು ಹೆಸರಿದೆ? ಕೈ ಎತ್ತಿ. ನೋಡಿದಿರಾ? ಗಂಡಸರೇ, ನಿಮ್ಮ ಪಕ್ಕದಲ್ಲಿ ಕೂತವರ ಮೊದಲ ಹೆಸರು ಮನೆಗೆ ಹೋಗಿ ಕೇಳಿಕೊಳ್ಳಿ.

ಚಾಳಿಗೆ ಬಂದ ವಾರ. ಎದುರು ಖೋಲಿಯ ಆಜಿ ಮರಾಠಿಯಲ್ಲಿ ‘ಮಾಹೇರಚಂ ನಾವ ಕಾಯ?’ ಅಂತ ಕೇಳಿದರು. ತವರಿನ ಹೆಸರೇನು ಅಂತ. ನಾನು ಮೆಲ್ಲಗೆ ಸಾಕವ್ವ ಅಂದೆ. ಅವರಿಗೆ ಕೇಳಿಸಿದ್ದು ಸಖೂ. ‘ಅಗಬಾಯಿ, ಸಂತ ಸಖೂ!’ ಅಂತ ಕೈ ಮುಗಿದರು. ಪಂಢರಪುರದ ವಿಠೋಬನ ಭಕ್ತೆ ಸಖೂಬಾಯಿ. ಅಲ್ಲಿಂದ ಆಜಿ ಇರುವವರೆಗೆ ಹದಿನೆಂಟು ವರ್ಷ ನಾನು ಆ ಚಾಳಿನಲ್ಲಿ ಸಖೂ. ಗದಗದಲ್ಲಿ ‘ಸಾಕು’ ಆಗಿದ್ದವಳು ದಾದರಿನಲ್ಲಿ ‘ಗೆಳತಿ’ ಆದೆ. ನಾನು ತಿದ್ದಲಿಲ್ಲ. ಕೆಂಪು ಶಾಯಿ ಎಲ್ಲ ಕಡೆ ಬಳಸಬಾರದು.

ನಮ್ಮ ಹಳೆ ಹೆಸರುಗಳ ಬಾಲ ನೋಡಿ. ಅಪ್ಪ, ಅಣ್ಣ, ಅಯ್ಯ, ಅಜ್ಜ, ಅವ್ವ, ಅಮ್ಮ, ಅಕ್ಕ. ನಿನ್ನೆ ಹುಟ್ಟಿದ ಕೂಸನ್ನು ‘ಅಪ್ಪ’ ಅಂತೀವಿ. ಹಾಲು ಕುಡಿಯುವ ಹುಡುಗಿಯನ್ನು ‘ಅವ್ವ’ ಅಂತೀವಿ. ಹುಟ್ಟಿದ ದಿನವೇ ಅದಕ್ಕೆ ಊರಿನವರೆಲ್ಲರ ಜೊತೆ ನಂಟು. ಸಾಲುಮರದ ತಿಮ್ಮಕ್ಕ ಅನ್ನುವಾಗ ಯಾರ ಅಕ್ಕ ಅಂತ ಯಾರೂ ಕೇಳುವುದಿಲ್ಲ. ಇದು ಇವತ್ತು ನಿನ್ನೆಯದಲ್ಲ. ನಮ್ಮ ಗದಗಿನ ಹತ್ತಿರದ ಲಕ್ಕುಂಡಿಯಲ್ಲಿ ಸಾವಿರ ವರ್ಷದ ಹಿಂದೆ ಬಸದಿ ಕಟ್ಟಿಸಿದವಳು ಅತ್ತಿಮಬ್ಬೆ. ಪೊನ್ನ ಕವಿಯ ಕಾವ್ಯವನ್ನು ಸಾವಿರ ಪ್ರತಿ ಬರೆಸಿ ಹಂಚಿದವಳು. ಪಂಪನ ತಾಯಿ ಅಬ್ಬಣಬ್ಬೆ. ಅಬ್ಬೆ ಅಂದರೆ ತಾಯಿ. ಉಳ್ಳಾಲದಲ್ಲಿ ಪೋರ್ಚುಗೀಸರ ಎದುರು ನಿಂತ ರಾಣಿ ಅಬ್ಬಕ್ಕ. ಅವಳ ಹೆಸರಲ್ಲಿ ನನಗೆ ಅಬ್ಬೆಯೂ ಕೇಳಿಸುತ್ತದೆ, ಅಕ್ಕನೂ ಕೇಳಿಸುತ್ತದೆ. 2012ರಲ್ಲಿ ಕರಾವಳಿ ಕಾವಲು ಪಡೆ ಒಂದು ಹಡಗಿಗೆ ರಾಣಿ ಅಬ್ಬಕ್ಕ ಅಂತ ಹೆಸರಿಟ್ಟಿತು. ಹಡಗಿಗೆ ಇಟ್ಟರು, ನಿಮ್ಮಲ್ಲಿ ಯಾರಾದರೂ ಮೊಮ್ಮಗಳಿಗೆ ಇಟ್ಟಿದ್ದೀರಾ?

ಸಾವಿರ ವರ್ಷದ ಹಿಂದಿನ ಹೆಸರು ಅಂದಾಗ ನೆನಪಾಯಿತು, ಒಂದು ನಿಮಿಷ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲಿನಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ಒಂದು ಬೇಟೆನಾಯಿಯ ಹೆಸರಿದೆ. ಕಾಳಿ. ಅದು ಹತ್ತನೆಯ ಶತಮಾನದ ಕಲ್ಲು. ನಮ್ಮ ಊರಲ್ಲಿ ಈಗಲೂ ಕರಿ ನಾಯಿ ಕಂಡರೆ ಕಾಳಿ ಅಂತಲೇ ಕರೆಯುವುದು. ಮನುಷ್ಯರ ಹೆಸರು ಮೂರು ತಲೆಮಾರಿಗೆ ಬದಲಾಯಿತು, ನಾಯಿಯ ಹೆಸರು ಸಾವಿರ ವರ್ಷ ಉಳಿಯಿತು. ಆಯಿತು, ವಿಷಯಕ್ಕೆ ಬರೋಣ.

ಮುಂಬಯಿಯ ಫಾರಮ್ಮಿಗೆ ಮೂರು ಖಾನೆ. ನಿನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಒಂದು ಕಡೆ ಗುಮಾಸ್ತರು ನಮ್ಮ ಹುಡುಗ ಭೀಮಪ್ಪನ ಹೆಸರನ್ನು ಎರಡು ತುಂಡು ಮಾಡಿ, ಭೀಮ ಮೊದಲ ಖಾನೆಗೆ, ಅಪ್ಪ ಮೂರನೇ ಖಾನೆಗೆ ಹಾಕಿದರು. ರೇಶನ್ ಕಾರ್ಡಿನಲ್ಲಿ ಇಡೀ ಮನೆಯವರ ಅಡ್ಡಹೆಸರು ‘ಅಪ್ಪ’ ಆಯಿತು. ಅವನ ತಂಗಿ ನೀಲವ್ವನೂ ‘ಅಪ್ಪ’! ಅದನ್ನು ಸರಿ ಮಾಡಿಸಲು ಅವರ ಅಪ್ಪ, ಅಂದರೆ ನಿಜವಾದ ಅಪ್ಪ, ನಾಲ್ಕು ದಿನದ ಕೂಲಿ ಬಿಟ್ಟು ಕ್ಯೂನಲ್ಲಿ ನಿಂತ. ಆ ಸಲ ಅವರ ಮನೆಯಲ್ಲಿ ಹುಟ್ಟಿದ ಮಗುವಿಗೆ ರೋಹಿತ್ ಅಂತ ಇಟ್ಟರು. ಯಾಕೆ ಅಂತ ಕೇಳಿದೆ. ‘ತುಂಡ್ ಮಾಡಾಕ ಬರಂಗಿಲ್ರೀ ಬಾಯಾರ’ ಅಂದ.

ಇಲ್ಲಿ ನನಗೆ ಹೊಳೆದದ್ದು ಹೇಳುತ್ತೇನೆ. ಮೊದಲು ಯಮನ ಕಿವಿಗೆ, ದೇವರ ಕಿವಿಗೆ, ಊರಿನ ಕಿವಿಗೆ ಅಂತ ಇಡುತ್ತಿದ್ದೆವು. ಈಗ ಕಿಟಕಿಯ ಹಿಂದೆ ಕೂತ ಗುಮಾಸ್ತರ ಕಿವಿಗೆ ಇಡುತ್ತೇವೆ. ಅವರೂ ಒಂಥರಾ ಯಮನೇ, ಹೆದರಬೇಕಾದ್ದೇ. ಅವರ ಕಣ್ಣಿಗೆ ಬೀಳದ ಹಾಗೆ, ಬಾಯಿಗೆ ಸಿಕ್ಕಿ ಮುರಿಯದ ಹಾಗೆ, ಎರಡಕ್ಷರ. ತಿಪ್ಪಣ್ಣ ಅಂತ ಇಟ್ಟ ತಾಯಿಗೂ ರೋಹಿತ್ ಅಂತ ಇಟ್ಟ ಈ ಅಪ್ಪನಿಗೂ ಬೇಕಾಗಿದ್ದು ಒಂದೇ, ಮಗು ತೊಂದರೆ ಇಲ್ಲದೆ ಆಚೆ ದಡ ಸೇರಬೇಕು.

ಹರಕೆಯ ಹೆಸರುಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ, ಡಬ್ಬಿ ಹತ್ತಿರ ಬರುತ್ತಿದೆ. ನಮ್ಮ ಕಡೆ ಫಕೀರಪ್ಪ, ಹುಸೇನಪ್ಪ, ಯಮನೂರಪ್ಪ ಅಂತ ಹಿಂದೂ ಮನೆಗಳಲ್ಲಿ ಹೆಸರಿರುತ್ತದೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹರಕೆ ಹೊತ್ತು ಹುಟ್ಟಿದವನು ಫಕೀರಪ್ಪ. ಮೊಹರಮ್ಮಿನಲ್ಲಿ ಅಲಾಯಿ ದೇವರಿಗೆ ಬೇಡಿಕೊಂಡಿದ್ದರೆ ಹುಸೇನಪ್ಪ. ನವಲಗುಂದ ತಾಲೂಕಿನ ಯಮನೂರಿನಲ್ಲಿ ಒಂದೇ ಗದ್ದುಗೆಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಸಾಲ ತೀರಿಸಿದ ಪಾವತಿ ಇದ್ದ ಹಾಗೆ ಈ ಹೆಸರು. ನನ್ನ ಶಾಲೆಗೆ ಒಮ್ಮೆ ಬಂದ ಅಧಿಕಾರಿಯೊಬ್ಬರು ಹಾಜರಿ ನೋಡಿ, ಫಕೀರಪ್ಪನ ಜಾತಿಯ ಕಾಲಂ ತಪ್ಪು ತುಂಬಿದ್ದೀರಿ ಅಂದರು. ಗದಗಿಗೆ ಒಂದು ಸಲ ಬನ್ನಿ ಸಾರ್ ಅಂದೆ. ಅವರು ಬರಲಿಲ್ಲ. ಇನ್ನು ಬಿಡದಿ ಕಡೆ ಹಕ್ಕಿಪಿಕ್ಕಿ ಜನರ ಬಗ್ಗೆ ಓದಿರುತ್ತೀರಿ. ಕಾಫಿ, ಮೈಸೂರ್‌ಪಾಕ್, ಹೈಕೋರ್ಟ್, ಗೂಗಲ್ ಅಂತ ಮಕ್ಕಳಿಗೆ ಹೆಸರು. ಪತ್ರಿಕೆಯವರು ನಗೆಹನಿ ಥರ ಬರೆಯುತ್ತಾರೆ. ಕಾಡು ಬಿಟ್ಟು ಊರಿಗೆ ಬಂದವರು ಊರಲ್ಲಿ ಕಂಡದ್ದನ್ನು, ಇಷ್ಟವಾದದ್ದನ್ನು ಮಗುವಿಗೆ ಇಟ್ಟರು. ಚಂಪಾ, ಮಲ್ಲಿಗೆ ಅಂತ ನಾವು ಇಡುವುದೂ ಕಂಡದ್ದನ್ನೇ ತಾನೆ? ನಮಗೆ ಹೂವು ಕಂಡಿತು, ಅವರಿಗೆ ಹೈಕೋರ್ಟ್ ಕಂಡಿತು.

ಒಂದೇ ಮಗುವಿಗೆ ಎರಡೆರಡು ಹೆಸರು ಯಾಕೆ ಅನ್ನುವುದು ನನಗೆ ತಡವಾಗಿ ಗೊತ್ತಾಯಿತು. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು ಇಡುವುದು ರೂಢಿ. ಆದರೆ ಸೊಸೆ ಮಾವನ ಹೆಸರು ಬಾಯಲ್ಲಿ ಹೇಳುವ ಹಾಗಿಲ್ಲ. ಮಗು ಅಂಗಳದಲ್ಲಿ ಓಡಿದರೆ ‘ಏ ಬಸಪ್ಪಾ, ಬಾರೋ ಇಲ್ಲಿ’ ಅಂತ ಮಾವನ ಹೆಸರು ಹಿಡಿದು ಕೂಗುವುದೇ? ಅದಕ್ಕೇ ಪುಟ್ಟ, ಅಪ್ಪಿ, ಬಾಬು, ತಮ್ಮಣ್ಣಿ. ಕಾಗದಕ್ಕೆ ಒಂದು, ಅವ್ವನ ಬಾಯಿಗೆ ಒಂದು. ಗಂಡನ ಹೆಸರಿನ ಕಥೆಯಂತೂ ನಿಮಗೆ ಗೊತ್ತೇ ಇದೆ. ವರ್ಷವಿಡೀ ‘ಇವರು’, ‘ಅವರು’, ‘ಏನ್ರೀ’. ಮದುವೆ, ಸೀಮಂತದಲ್ಲಿ ಮಾತ್ರ ಒಡಪು ಹಾಕಿ ಹೇಳಬೇಕು. ಮರಾಠಿಯ ಉಖಾಣೆ ನಮ್ಮ ಒಡಪೇ. ನನ್ನ ಸೋದರತ್ತೆಯೊಬ್ಬಳ ಗಂಡನ ಹೆಸರು ಹುಚ್ಚಪ್ಪ. ಪ್ರಾಸ ಜೋಡಿಸಿ ಆ ಹೆಸರು ಹೇಳುವಾಗ ಅವಳು ನಾಚಿಕೊಂಡದ್ದು ಈಗಲೂ ನನ್ನ ಕಣ್ಣ ಮುಂದೆ ಇದೆ. ಹುಚ್ಚಪ್ಪ ಅನ್ನುವ ಹೆಸರನ್ನು ಅಷ್ಟು ಮುದ್ದಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ.

ನನ್ನ ಮಗಳಿಗೆ ನಾನೇನು ಇಟ್ಟೆ ಅಂತ ಮುಂದಿನ ಸಾಲಿನಲ್ಲಿ ಯಾರೋ ಕೇಳುತ್ತಿದ್ದಾರೆ. ಪೂಜಾ. ಆ ವರ್ಷ ಅವಳ ತರಗತಿಯಲ್ಲಿ ನಾಲ್ವರು ಪೂಜಾ. ಟೀಚರು ನಂಬರ್ ಕೂಗುತ್ತಿದ್ದರು. ಆಯಿತಾ? ಸಾಕವ್ವನಿಗೆ ಇಷ್ಟೇ ಧೈರ್ಯ.

ಸರಿ, ಡಬ್ಬಿ ಬಂತು. ಪರವಾಗಿಲ್ಲ, ಭಾರವಾಗಿದೆ. ಒಂದೊಂದೇ ತೆಗೆಯುತ್ತೇನೆ.

ಪೂವಕ್ಕ. ಪೂ ಅಂದರೆ ಹೂವು, ಚೆನ್ನಾಗಿದೆ. ದೇಯಿ. ತುಳುನಾಡಿನ ವೀರರಾದ ಕೋಟಿ ಚೆನ್ನಯರ ತಾಯಿಯ ಹೆಸರು, ಇದು ಬಿಲ್ಲವರ ಮನೆಯದೇ ಇರಬೇಕು. ದ್ಯಾಮಪ್ಪ. ಗ್ರಾಮದೇವತೆ ನಮ್ಮ ಬಾಯಲ್ಲಿ ದ್ಯಾಮವ್ವ, ಅವಳ ಹೆಸರಿನ ಮಗ. ಬಾಸ್ತ್ಯಾಂವ್. ಇದು ಕೊಂಕಣಿ ಕ್ರೈಸ್ತರ ಮನೆಯ ಸೆಬಾಸ್ಟಿಯನ್, ಬಂದರಿನ ಉಪ್ಪುಗಾಳಿಗೆ ಹೀಗೆ ಆಗಿದೆ. ಕರಿಯಜ್ಜ. ಚಿಕ್ಕತಾಯಮ್ಮ. ಇದು ಮೈಸೂರು ಕಡೆಯದು, ಅಲ್ವಾ? ಹೌದು, ಹಿಂದೆ ಯಾರೋ ಕೈ ಎತ್ತಿದರು. ನಡುವಪ್ಪ. ದೊಡ್ಡಪ್ಪನಿಗೂ ಸಣ್ಣಪ್ಪನಿಗೂ ಮಧ್ಯೆ ಹುಟ್ಟಿದವನು, ಪಾಪ, ತಂದೆ ತಾಯಿಗೆ ಅಷ್ಟರಲ್ಲಿ ದಣಿವಾಗಿತ್ತು ಅಂತ ಕಾಣುತ್ತದೆ. ಇನ್ನೊಂದು ತುಕ್ರ. ಅದರ ಕೆಳಗೆ ಚಿಕ್ಕದಾಗಿ ‘ನನ್ನ ಅಪ್ಪ’ ಅಂತ ಬರೆದಿದ್ದಾರೆ. ಬರೆದದ್ದಕ್ಕೆ ಖುಷಿಯಾಯಿತು.

ಈ ಚೀಟಿಯಲ್ಲಿ ಹೆಸರೇ ಇಲ್ಲ. ‘ಅಜ್ಜಿ. ಊರಲ್ಲಿ ಇದ್ದಳು. ಎಲ್ಲರೂ ಅಜ್ಜಿ ಅಂತಲೇ ಕರೆಯುತ್ತಿದ್ದರು. ಹೆಸರು ಕೇಳಲಿಲ್ಲ.’

ಯಾರು ಬರೆದದ್ದು ಅಂತ ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ. ‘ಜ್ಜಿ’ಯ ಒತ್ತನ್ನು ಸಾಲಿನಿಂದ ಇಷ್ಟು ಕೆಳಗೆ ಇಳಿಸಿ ಬರೆಯುತ್ತಿದ್ದವನು ನನ್ನ ತರಗತಿಯಲ್ಲಿ ಒಬ್ಬನೇ ಇದ್ದ. ಮೂರನೇ ಬೆಂಚು, ಕಿಟಕಿಯ ಪಕ್ಕ. ಊಟ ಆದ ಮೇಲೆ ಸಿಗಪ್ಪಾ. ನಿನ್ನ ಹೆಸರು ನನಗೆ ನೆನಪಿದೆ.